ಜೋಮು ಹಿಡಿದ ಪಾದ

ಭಾನುವಾರಗಳಲ್ಲಿ ಗೆಳೆಯನೂ ನಾನೂ ತೆಳು ಟೈರಿನ ಸೈಕಲ್ಲುಗಳಲ್ಲಿ ರಾಮನಗರದಿಂದ ಮಾಗಡಿಗೆ ಹೋಗುತ್ತಿದ್ದೆವು. ಎಲ್ಲಿ ಅವನಿಂದ ಹಿಂದೆ ಬೀಳುತ್ತೇನೋ ಎಂಬ ಹೆದರಿಕೆ ನನಗೆ. ಒಮ್ಮೆ ಏರಿನಲ್ಲಿ ಪಾದಕ್ಕೆ ಜೋಮು ಹಿಡಿಯಿತು. ಶೂ ಸಡಿಲವಾಗಿದೆಯೆಂದುಕೊಂಡು ಪಟ್ಟಿಯನ್ನು ಇನ್ನಷ್ಟು ಬಿಗಿದೆ. ಆಮೇಲೆ ಪಾದ ಇರುವುದೇ ತಿಳಿಯಲಿಲ್ಲ.

"ನೀನು ಹೋಗ್ಲಾ, ನಾನು ಬಸ್ಸಲ್ಲಿ ಬತ್ತೀನಿ," ಎಂದು ಮುಂದೆ ಹೋಗುತ್ತಿದ್ದ ಅವನಿಗೆ ಕೂಗಿ ನಿಂತೆ.

ಅವನು ರೇಷ್ಮೆ ನೂಲು ತೆಗೆಯುವ ಮನೆಯವನು. ಹಿಂದಿರುಗಿ ಬಂದು ನನ್ನ ಶೂ ನೋಡಿ ನಕ್ಕ. "ಏನ್ಲಾ, ಕಾಲು ಓಡೋಯ್ತದೆ ಅಂತ ಕಟ್ಟಾಕಿದ್ದೀಯಾ? ಒಸಿ ಸಡ್ಲ ಬುಡು. ಇಷ್ಟು ಬಿಗಿ ಎಳುದ್ರೆ ನೂಲೂ ಕಿತ್ತೋಯ್ತದೆ."

ಶೂ ಕಳಚಿ ಬರಿಗಾಲಲ್ಲಿ ರಸ್ತೆಬದಿಯ ಮೋರಿಕಟ್ಟೆಯ ಮೇಲೆ ಕುಳಿತೆ. ಅದು ಮೋರಿಯೋ ಬಂಡೆಯೋ, ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಬೆರಳುಗಳಿಗೆ ಜೀವ ಬರುವಾಗ ಸೂಜಿ ಚುಚ್ಚಿದಂತಾದದ್ದು ನಿಜ. ನಾನು ಏಳುವವರೆಗೂ ಅವನು ತನ್ನ ಸೈಕಲ್ ಮುಟ್ಟಲಿಲ್ಲ.