ಎತ್ತರದ ಬಾಗಿಲಿಗೆ ಬಗ್ಗುವ ತಲೆ

ನಮ್ಮ ನೀಲವ್ವ ದೊಡ್ಡವ್ವನ ಮನೆಯ ಬಾಗಿಲು ಎಷ್ಟು ಎತ್ತರವೆಂದರೆ, ತಲೆಯ ಮೇಲೆ ಮೇವಿನ ಹೊರೆ ಹೊತ್ತವರು ಕೂಡ ನೆಟ್ಟಗೆ ನಡೆದು ಒಳಗೆ ಹೋಗಬಹುದು. ದೊಡ್ಡವ್ವನೋ, ನನ್ನ ತಾಯಿಯ ಅಕ್ಕ, ಮೊದಲೇ ಗಿಡ್ಡ ಆಳು, ವಯಸ್ಸಾದಂತೆ ಇನ್ನಷ್ಟು ಕುಗ್ಗಿದ್ದಾಳೆ. ಆದರೂ ಆ ಬಾಗಿಲ ಹತ್ತಿರ ಬಂದೊಡನೆ ಕತ್ತು ಬಗ್ಗಿಸಿ, ನೆತ್ತಿಯ ಮೇಲೆ ಅಂಗೈ ಇಟ್ಟುಕೊಂಡು, ಗುಬ್ಬಿ ಗೂಡಿಗೆ ನುಸುಳಿದಂತೆ ಒಳಗೆ ನುಸುಳುತ್ತಾಳೆ. ಓಣಿಯ ಹುಡುಗಿಯರು ಬಾಯಿಗೆ ಸೆರಗು ಹಿಡಿದು ನಗುತ್ತಾರೆ.

ಆ ಬಗ್ಗುವಿಕೆಯ ಹಿಂದೆ ಒಂದು ಇಡೀ ಊರು ನಿಂತಿದೆ, ನಿಂತಿದೆ ಎನ್ನುವುದಕ್ಕಿಂತ ಮುಳುಗಿದೆ ಎನ್ನಬೇಕು. ಅನಗವಾಡಿಯ ಕಡೆ, ಹೊಳೆಯ ದಂಡೆಗುಂಟ ಮಳಲಕಟ್ಟಿ ಎಂಬ ಊರಿತ್ತು. ಮಣ್ಣಿನ ಮಾಳಿಗೆಯ ಮನೆಗಳು, ದಪ್ಪ ಗೋಡೆಗಳು, ಕಲ್ಲಿನ ಚೌಕಟ್ಟಿನ ಗಿಡ್ಡ ಬಾಗಿಲುಗಳು. ಬಗ್ಗದೆ ಒಳಗೆ ಹೋದವನಿಗೆ ಹಣೆಯ ಮೇಲೆ ಬೋರೆಹಣ್ಣಿನಷ್ಟು ಗುಬುಟು ಗ್ಯಾರಂಟಿ. ಆಣೆಕಟ್ಟಿನ ಹಿನ್ನೀರು ಬಂತು, ಊರು ಹೋಯಿತು, ಬೀಳಗಿಯ ದಾರಿಯಲ್ಲಿ ಪುನರ್ವಸತಿ ಕೇಂದ್ರ ಎದ್ದಿತು. ಈಗಿನ ಮನೆಗೆ ದೊಡ್ಡವ್ವನ ಮಗ ಬಸಣ್ಣ ಹಟ ಹಿಡಿದು ಎತ್ತರದ ಬಾಗಿಲು ಇಡಿಸಿದ. ಸರಕಾರ ಮನೆಗೆ, ತೋಟಕ್ಕೆ, ಬೇವಿನ ಮರಕ್ಕೆ ಸಹ ಬೆಲೆ ಕಟ್ಟಿತ್ತು. ಕತ್ತಿನೊಳಗೆ ಕೂತ ಬಾಗಿಲನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಈಗ ಈ ಮಾತು ಏಕೆ ಬಂತೆಂದರೆ, ಮುಂದಿನ ತಿಂಗಳು ವಿಶ್ವವಿದ್ಯಾಲಯವೊಂದರಲ್ಲಿ ನಾನು ಉಪನ್ಯಾಸಮಾಲೆಯೊಂದನ್ನು ಕೊಡಬೇಕಾಗಿದೆ. ನರವಿಜ್ಞಾನ, ಗ್ರಹಿಕೆ, ಅರಿವು ಎಂದು ವಿಷಯದ ಹೆಸರುಗಳೇ ಗಂಭೀರವಾಗಿ ಕೊರಳಪಟ್ಟಿ ಹಾಕಿಕೊಂಡು ಕೂತಿವೆ. ಜಮಖಂಡಿಯ ಕಾಲೇಜೊಂದರಲ್ಲಿ ಮನೋವಿಜ್ಞಾನ ಕಲಿಸುತ್ತ ಅರ್ಧ ಆಯುಷ್ಯ ಕಳೆದ ನನಗೆ ಇಂಥ ಕರೆ ಬಂದದ್ದು ಇದೇ ಮೊದಲು. ಖುಷಿಯಾಗಲಿಲ್ಲವೆಂದರೆ ನೀವು ನಂಬಬೇಡಿ. ಸಾರಾಂಶ ಬರೆಯಲು ಕೂತಾಗ ನನ್ನ ಕೈಗೆ ಬಂದವು ನಮ್ಮ ಸುತ್ತಲಿನ ಸಂಗತಿಗಳೇ.

ನಾನು ಹುಟ್ಟಿದ್ದು ಬನಹಟ್ಟಿಯಲ್ಲಿ. ಅಲ್ಲಿ ವಿದ್ಯುತ್ ಮಗ್ಗಗಳ ಸದ್ದಿಗೆ ಗೋಡೆಯ ಗಡಿಯಾರ ಕೂಡ ನಡುಗುತ್ತದೆ. ಹೊರಗಿನಿಂದ ಬಂದ ನೆಂಟರು ಕಿವಿ ಮುಚ್ಚಿಕೊಂಡು ಕೂತರೆ, ತೊಟ್ಟಿಲ ಕೂಸು ಹಾಯಾಗಿ ನಿದ್ದೆ ಹೊಡೆಯುತ್ತದೆ. ಕರೆಂಟು ಹೋಗಿ ಮಗ್ಗ ನಿಂತಿತೋ, ಆಗ ಕೂಸು ಚಿಟ್ಟನೆ ಚೀರುತ್ತದೆ. ಮಿದುಳು ಬರುವ ಕ್ಷಣವನ್ನು ಮೊದಲೇ ಊಹಿಸಿಕೊಂಡು ಕೂತಿರುತ್ತದೆ, ಊಹೆ ತಪ್ಪಿದಾಗ ಮಾತ್ರ ಬೆಚ್ಚಿ ಕಣ್ಣು ಬಿಡುತ್ತದೆ ಎಂಬ ಮಾತನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ತೊಟ್ಟಿಲಲ್ಲಿ ಅನುಭವಿಸಿದ್ದೆ. ನಾವು ಕಂಡದ್ದನ್ನು ತಿಳಿಯುತ್ತೇವೆಂದುಕೊಳ್ಳುತ್ತೇವೆ. ತಿಳಿದದ್ದನ್ನೇ ಕಾಣುವುದು ಅದಕ್ಕಿಂತ ಹೆಚ್ಚು. ದೊಡ್ಡವ್ವನ ಕಣ್ಣು ಎತ್ತರದ ಬಾಗಿಲನ್ನು ನೋಡಿ ಸುದ್ದಿ ಮುಟ್ಟಿಸುವಷ್ಟರಲ್ಲಿ ಅವಳ ಕತ್ತು ಮಳಲಕಟ್ಟಿಯ ಬಾಗಿಲಿಗೆ ಬಗ್ಗಿ ಆಗಿರುತ್ತದೆ. ಇದನ್ನೇ ಮೊದಲ ಉಪನ್ಯಾಸದ ನಡುಮಧ್ಯೆ ಇಟ್ಟೆ.

ಸಾರಾಂಶ ಓದಿದ ಸಂಚಾಲಕ ಪ್ರಾಧ್ಯಾಪಕರು ಫೋನು ಮಾಡಿದರು. ದನಿ ಬೆಣ್ಣೆಯಂತಿತ್ತು.

"ಮೇಡಂ, ಮಗ್ಗದ ಮಾತು ಇರಲಿ, ಚಿಕ್ಕದು ಮಾಡಿ. ಆದರೆ ಆ ಅಜ್ಜಿಯ ಪ್ರಸಂಗ ಬೇಡ. ಇಡಲೇಬೇಕೆಂದರೆ ಹೆಸರು, ಊರು ತೆಗೆದು, ವಯೋಸಹಜ ಗ್ರಹಿಕೆಯ ದೋಷ ಎಂದು ಒಂದು ಸಾಲು ಹಾಕಿ ಮುಂದೆ ಹೋಗಿ. ನಾಳಿದ್ದರೊಳಗೆ ತಿದ್ದಿ ಕಳಿಸದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ."

ದೋಷ! ಮೈ ಉರಿಯಿತು. ಬೇರೆಯವರನ್ನು ನೋಡಿ ಎಂದು ಅಲ್ಲೇ ಹೇಳಿಬಿಡುವಷ್ಟು ಸಿಟ್ಟು ಬಂದಿತ್ತು, ಹೇಳಲಾರದಷ್ಟು ಆಸೆಯೂ ಇತ್ತು. ಅದೂ ಅಲ್ಲದೆ ಇದು ನನ್ನೊಬ್ಬಳ ಮಾತಾಗಿರಲಿಲ್ಲ. ಆ ದಿನಗಳಲ್ಲೇ ಬಸಣ್ಣ ತಾಯಿಯನ್ನು ತಲೆಯ ಡಾಕ್ಟರಿಗೆ ತೋರಿಸಬೇಕೆಂದು ಓಡಾಡುತ್ತಿದ್ದ. ತನಗೆ ಹುಚ್ಚು ಹಿಡಿಯುತ್ತಿದೆಯೇ ಎಂದು ದೊಡ್ಡವ್ವ ಒಳಗೊಳಗೇ ಹೆದರಿದ್ದಳು. ಓದಿದ ಸೊಸೆ, ಓದಿದ ಮೊಮ್ಮಗಳು ಯಾರು ಏನು ಹೇಳಿದರೂ ಆ ಹೆದರಿಕೆ ಹೋಗಿರಲಿಲ್ಲ. ಅಂಥ ಹೊತ್ತಿನಲ್ಲಿ ಅವಳ ಕತ್ತಿಗೆ ದೋಷವೆಂಬ ಚೀಟಿ ಅಂಟಿಸಿ ನಾನು ವೇದಿಕೆ ಹತ್ತುವುದೇ? ಬಸ್ಸು ಹತ್ತಿ ಬೀಳಗಿಗೆ ಹೋದೆ.

ದೊಡ್ಡವ್ವ ಪಡಸಾಲೆಯಲ್ಲಿ ಸಜ್ಜೆ ಹಸನು ಮಾಡುತ್ತಿದ್ದಳು. ಬಂದ ಕೆಲಸ ಹೇಳಿದೆ.

"ಅಲ್ಲೂ ನನ್ನ ಸುದ್ದಿ ಹೇಳಾಕಿ ಏನ?" ಮೊರ ಕೆಳಗಿಟ್ಟಳು. "ನಗೂ ಮಂದಿ ಇಲ್ಲೇ ಭಾಳ ಅದಾರವಾ. ಅಲ್ಲಿ ಬ್ಯಾರೆ ಯಾಕ ಬೇಕು? ಖರೇ ಹೇಳು, ಇದು ರೋಗ ಏನ?"

"ರೋಗ ಅಲ್ಲ ದೊಡ್ಡವ್ವಾ. ಮರ್ತಾಕಿ ಬಗ್ಗೂದಿಲ್ಲ. ನೆನಪು ಇದ್ದಾಕಿನ ಬಗ್ಗತಾಳ."

ಅವಳು ನಂಬಿದಂತೆ ಕಾಣಲಿಲ್ಲ. ಅಷ್ಟರಲ್ಲಿ ಹೊರಗೆ ಬೈಕಿನ ಸದ್ದಾಯಿತು. ಬಸಣ್ಣ ಬಂದ. ಊರು ಬಿಡುವಾಗ ಅವನಿಗೆ ಮದುವೆಯಾಗಿ ಮಕ್ಕಳಿದ್ದರು. ಬಾಲ್ಯ, ಯೌವನ ಎರಡನ್ನೂ ಗಿಡ್ಡ ಬಾಗಿಲುಗಳಲ್ಲಿ ಕಳೆದ ಆಸಾಮಿ. "ಎವ್ವಾ, ಡಾಕ್ಟರ್ ಸೋಮವಾರ ಬಾ ಅಂದಾರ" ಎನ್ನುತ್ತ, ಅವಸರದಲ್ಲಿ, ತಾನೇ ಹಟ ಹಿಡಿದು ಇಡಿಸಿದ ಆ ಎತ್ತರದ ಬಾಗಿಲಿನಡಿ ಕತ್ತು ಬಗ್ಗಿಸಿ ಒಳಗೆ ಕಾಲಿಟ್ಟ.

ದೊಡ್ಡವ್ವ ಮಗನನ್ನು ನೋಡಿದಳು, ಬಾಗಿಲನ್ನು ನೋಡಿದಳು, ನನ್ನನ್ನು ನೋಡಿದಳು.

"ಛಲೋ ಆತು ಬಸ್ಯಾ, ಮೊದಲ ನೀ ಹೋಗಿ ತೋರಿಸ್ಕೊಂಡು ಬಾ. ನಿಂದು ಏನಂತಾರ ಕೇಳು, ಆಮ್ಯಾಗ ನಾ ಬರ್ತೇನಿ" ಎಂದಳು.

"ನಾ ಏನ್ ಮಾಡೀನಿ?" ಎಂದ ಬಸಣ್ಣ. ತಾನು ಬಗ್ಗಿದ್ದು ಅವನಿಗೆ ಗೊತ್ತೇ ಇರಲಿಲ್ಲ. ದೊಡ್ಡವ್ವ ನಕ್ಕಳು ನೋಡಿ, ಬಹಳ ದಿನಗಳಿಂದ ಕಟ್ಟಿಟ್ಟ ನಗು, ಕಣ್ಣಲ್ಲಿ ನೀರು ಬರುವಷ್ಟು. ನನಗೂ ಬಂತು. ನಗುತ್ತಲೇ ನೆನೆದೆವು: ಹೋದ ವರ್ಷ ಮುಧೋಳದ ಕಲ್ಯಾಣಮಂಟಪದಲ್ಲಿ ನಮ್ಮ ಕಡೆಯ ಹುಡುಗಿಯೊಬ್ಬಳ ಮದುವೆಯಾದಾಗ, ಆನೆ ಹೋಗುವಂಥ ಬಾಗಿಲಲ್ಲಿ ಮಳಲಕಟ್ಟಿಯ ಹಿರಿಯರೆಲ್ಲ ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಒಳಗೆ ಬಂದಿದ್ದರು. ಗಂಡಿನವರು ಅದನ್ನು ಅತಿವಿನಯವೆಂದು ತಿಳಿದು ತಾವೂ ಕೈಮುಗಿದಿದ್ದರು. ಅಷ್ಟೂ ಜನಕ್ಕೆ ಒಂದೇ ದೋಷ ಬರಲು ಇದೇನು ನೆಗಡಿಯೇ?

ಹೊರಡುವಾಗ ದೊಡ್ಡವ್ವ ಬಾಗಿಲವರೆಗೆ ಬಂದಳು. "ನನ್ನ ಹೆಸರು ಹಚ್ಚಿ ಹೇಳು. ಯಾವಾಕ್ಯೋ ಒಬ್ಬಾಕಿ ಮುದುಕಿ ಅನ್ನಬ್ಯಾಡ. ಊರ ಹೆಸರು ಮೊದಲ ಹೇಳು. ನಕಾಶಿದಾಗ ಅಂತೂ ಇಲ್ಲ, ನಿನ್ನ ಮಾತಿನಾಗರ ಇರಲಿ. ನಾನೂ ಬರ್ತೇನಿ, ಎದುರಿಗೇ ಕುಂದರ್ತೇನಿ."

ಜಮಖಂಡಿಗೆ ಮರಳಿದ ಕೂಡಲೇ ಸಂಚಾಲಕರಿಗೆ ಫೋನು ಮಾಡಿದೆ. ತಿದ್ದುವುದಿಲ್ಲ ಎಂದೆ. ನೀಲವ್ವ ಇರುತ್ತಾಳೆ, ಮಳಲಕಟ್ಟಿ ಇರುತ್ತದೆ, ದೋಷ ಎಂಬ ಶಬ್ದ ಇರುವುದಿಲ್ಲ. ಒಪ್ಪಿಗೆಯಿಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ. ಅವರು ನಿಯಮ, ಶಿಸ್ತು ಎಂದು ಒಂದಷ್ಟು ಗೊಣಗಿದರು. ಕೊನೆಗೆ, "ಆಯಿತು, ಬನ್ನಿ. ಹೊಣೆ ಮಾತ್ರ ನಿಮ್ಮದು" ಎಂದರು. ನನ್ನದೇ ಸ್ವಾಮಿ, ಇನ್ನಾರದು?

ಆ ವಿಶ್ವವಿದ್ಯಾಲಯದ ಸಭಾಂಗಣವನ್ನು ನಾನು ನೋಡಿದ್ದೇನೆ. ಬಾಗಿಲು ಎರಡಾಳೆತ್ತರ. ಮುಂದಿನ ತಿಂಗಳು ವಿದ್ವಾಂಸರೆಲ್ಲ ಕೂತ ಮೇಲೆ ನೀಲವ್ವ ಆ ಬಾಗಿಲಿಗೆ ಬರುತ್ತಾಳೆ, ನೆತ್ತಿಯ ಮೇಲೆ ಅಂಗೈ ಇಟ್ಟು ಬಗ್ಗುತ್ತಾಳೆ, ಮಳಲಕಟ್ಟಿಯ ಮನೆಗೆ ಹೋದಂತೆ ಒಳಗೆ ಕಾಲಿಡುತ್ತಾಳೆ. ಯಾರಾದರೂ ಕಿಸಕ್ಕೆಂದು ನಗಲಿ. ನಾನು ಮೈಕಿನ ಮುಂದೆ ಅದಕ್ಕೇ ಕಾದು ನಿಂತಿರುತ್ತೇನೆ.