ಕುದುರೆಯೇ ತೆಗೆಯುವ ಚಿಲಕ

ನಾನು ಬಡಗಿ. ಜರಗನಹಳ್ಳಿ ಹತ್ತಿರ ಒಂದು ಮನೆಯವರು ಕುದುರೆ ಸವಾರಿ ಕಲಿಸ್ತಾರೆ. ಹೋದ ಮಳೆಗಾಲ ರಾಜಕಾಲುವೆ ಉಕ್ಕಿ ಅವರ ಲಾಯಕ್ಕೆ ಎದೆಮಟ್ಟ ನೀರು ನುಗ್ಗಿತ್ತು. ನೀರಲ್ಲಿ ನೆನೆದು ಹಾಳಾದ ಬಾಗಿಲುಗಳನ್ನು ಬದಲಾಯಿಸೋಕೆ ನನ್ನನ್ನು ಕರೆದರು.

ಹೊರಗಡೆ ಗಟ್ಟಿ ಚಿಲಕ ಕೂರಿಸೋಕೆ ಅಳತೆ ತಗೋತಿದ್ದೆ. ಆ ಮನೆಯಾಕೆ ತಡೆದರು.

"ಅಣ್ಣ, ಒಳಗಿಂದ ಕುದುರೆ ಬಾಯಲ್ಲಿ ಎಳೆದರೂ ತೆರ್ಕೋಬೇಕು. ಹಂಗೆ ಮಾಡಿಕೊಡಿ."

"ತಮಾಷೆನಾ ಅಕ್ಕ? ಆಮೇಲೆ ಕನಕಪುರ ರೋಡಲ್ಲಿ ಬಸ್ಸಿಗೆ ಅಡ್ಡ ನಿಂತಿರತ್ತೆ!"

"ನಿಲ್ಲಲಿ, ಹಿಡ್ಕೊಂಡು ಬರ್ತೀವಿ. ಅವತ್ತು ನಾವು ಓಡಿ ಬರೋಷ್ಟರಲ್ಲೇ ಬಾಗಿಲುಗಳು ಉಬ್ಬಿ ಚಿಲಕ ಕಚ್ಕೊಂಡ್ಬಿಟ್ಟಿತ್ತು. ನಾನೂ ನಮ್ಮನೆಯವರೂ ಎಳೆದೂ ಎಳೆದೂ ದೊಡ್ಡ ಕುದುರೆಗಳನ್ನೆಲ್ಲ ಬಿಡಿಸಿದ್ವಿ. ಮರಿ ಇದ್ದ ಬಾಗಿಲು ಮಾತ್ರ ಬರಲೇ ಇಲ್ಲ."

ನಾನು ಗಟ್ಟಿ ಚಿಲಕ ಪಕ್ಕಕ್ಕಿಟ್ಟೆ. ಒಳಗಡೆ ಬಾಯಿಗೆ ಎಟುಕುವ ಎತ್ತರದಲ್ಲಿ ಒಂದು ಹಗ್ಗ ಇಳಿಬಿಟ್ಟು, ಎಳೆದರೆ ಚಿಲಕ ಏಳುವ ಹಾಗೆ ಮಾಡಿದೆ. ಮುದಿ ಬಿಳಿ ಕುದುರೆಯೊಂದು ಹಗ್ಗ ಮೂಸಿತು, ಹಲ್ಲಲ್ಲಿ ಕಚ್ಚಿ ಎಳೆಯಿತು, ಬಾಗಿಲು ತಳ್ಳಿಕೊಂಡು ಈಚೆ ಬಂತು. ಸೀದಾ ನನ್ನ ಚೀಲಕ್ಕೆ ಬಾಯಿ ಹಾಕಿ ಚಪಾತಿ ಪೂರ್ತಿ ಮುಗಿಸಿತು.

ಆಕೆ ಕಣ್ಣೊರೆಸಿಕೊಂಡು ನಕ್ಕರು. "ಕೆಲಸ ಚೆನ್ನಾಗಾಗಿದೆ ಅಣ್ಣ. ಬನ್ನಿ, ಊಟ ಮಾಡಿ."

ನಾನು ಹಾಕಿದ ಚಿಲಕವನ್ನು ಕಣ್ಣೆದುರೇ ಇನ್ನೊಬ್ಬರು ತೆಗೆದು, ನನ್ನನ್ನೇ ಲೂಟಿ ಮಾಡಿದರೂ ನಾನು ಹೊಗಳಿಸಿಕೊಂಡಿದ್ದು ಅದೊಂದೇ ಸಲ.