ಖಾಲಿ ಸಾಕೆಟ್ಟಿನ ದೀಪ

ಪೀಣ್ಯದಲ್ಲಿ ನನ್ನದೊಂದು ಸಣ್ಣ ಶೆಡ್ಡು. ಹಳೆಯ ರೇಡಿಯೋಗಳನ್ನು ಪರೀಕ್ಷಿಸುವ, ಅವುಗಳಷ್ಟೇ ಹಳೆಯ ಉಪಕರಣಗಳನ್ನು ರಿಪೇರಿ ಮಾಡುತ್ತೇನೆ. ಈ ಕೆಲಸಕ್ಕೆ ಅನುಮಾನವೇ ಬಂಡವಾಳ. ಯಾವ ಬಿಡಿಭಾಗವನ್ನೂ ನಂಬಬಾರದು, ಥಳಥಳ ಹೊಳೆಯುವುದನ್ನಂತೂ ನಂಬಲೇಬಾರದು. ಕಷ್ಟವೆಂದರೆ, ಸಂಜೆ ಬೀಗ ಹಾಕುವಾಗ ಆ ಬುದ್ಧಿಯನ್ನು ಒಳಗೇ ಬಿಟ್ಟು ಬರಲು ನನಗೆ ಬಾರದು. ತರಕಾರಿಯವಳ ತಕ್ಕಡಿಯನ್ನೂ ಓರೆಗಣ್ಣಿನಲ್ಲೇ ನೋಡುತ್ತೇನೆ.

ಹಳೇ ರೇಡಿಯೋದೊಳಗೆ ಉರಿಯುವ ಗಾಜಿನ ವಾಲ್ವ್‌ಗಳನ್ನು ನನಗೆ ತಂದುಕೊಡುತ್ತಿದ್ದವನು ಮಾದನಾಯಕನಹಳ್ಳಿಯ ಒಬ್ಬ ಗುಜರಿ ಅಂಗಡಿಯವನು. ಯಾವುದು ಸರಿ, ಯಾವುದು ಕೆಟ್ಟಿದೆ ಎಂದು ಅವನಿಗೆ ತಿಳಿಯದು. "ನೀವು ಒಳ್ಳೇದು ಅಂದ್ರೆ ಒಳ್ಳೇದು ಸಾರ್" ಅನ್ನುತ್ತಿದ್ದ. ಕಳೆದ ವರ್ಷ ದಸರಾ ಮುಗಿದ ವಾರ ಒಂದು ದೊಡ್ಡ ಡಬ್ಬ ಹೊತ್ತು ಬಂದ. ಮುಚ್ಚಿದ ಕಾರ್ಖಾನೆಯೊಂದರ ಗೋಡೌನಿನ ಮಾಲಂತೆ, ಪ್ಯಾಕೆಟ್ ಕೂಡ ಬಿಚ್ಚಿಲ್ಲವಂತೆ.

"ಇವು ಸರಿಯಾಗಿದ್ರೆ ಗುಜರಿ ಬಿಟ್ಬುಡ್ತೀನಿ ಸಾರ್. ಬರೀ ರೇಡಿಯೋ ಸಾಮಾನಿನ ಅಂಗಡಿ ಇಡ್ತೀನಿ" ಎಂದ.

ಒಂದು ವಾಲ್ವನ್ನು ನನ್ನ ವಾಲ್ವ್ ಟೆಸ್ಟರಿನ ಸಾಕೆಟ್ಟಿಗೆ ಸಿಕ್ಕಿಸಿದೆ. ಕಿತ್ತಳೆ ಬಣ್ಣದ ಪುಟ್ಟ ದೀಪ ಹತ್ತಿತು. ಅದು ಹತ್ತಿದರೆ ವಾಲ್ವಿನೊಳಗೆ ಕರೆಂಟು ಸೋರುತ್ತಿದೆ ಎಂದರ್ಥ. ಎರಡನೆಯದಕ್ಕೂ ಹತ್ತಿತು, ಹತ್ತನೆಯದಕ್ಕೂ ಹತ್ತಿತು. ಪ್ಯಾಕೆಟ್ ಹೊಸದು, ಮಾಲು ಎಲ್ಲಾ ಕೆಟ್ಟದ್ದು. ನನಗೆ ಇನ್ನೇನು ಬೇಕು?

"ಹೊಸ ಪ್ಯಾಕೆಟ್ಟಿಗೆ ಹಳೇ ಮಾಲು ತುಂಬಿದ್ಯಾರಪ್ಪಾ?" ಎಂದೆ.

ಅವನು ತಲೆ ತಗ್ಗಿಸಿ ಕತ್ತು ಕೆರೆದುಕೊಂಡ. "ನಂಗೇನ್ ಗೊತ್ತಾಯ್ತದೆ ಸಾರ್..."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಿಕ್ಕಿಬಿದ್ದ ಎಂದು ಒಳಗೊಳಗೇ ಖುಷಿಪಟ್ಟೆ. ಅವನು ಡಬ್ಬ ಹೊತ್ತು ಹೊರಟುಹೋದ.

ನಾಲ್ಕು ದಿನ ಬಿಟ್ಟು, ಚೆನ್ನಾಗಿ ಹಾಡುತ್ತಿದ್ದ ನನ್ನದೇ ರೇಡಿಯೋದ ವಾಲ್ವೊಂದನ್ನು ಟೆಸ್ಟರಿಗೆ ಹಾಕಿದೆ. ದೀಪ ಹತ್ತಿತು. ವಾಲ್ವ್ ಕಿತ್ತೆ. ಆದರೂ ದೀಪ ಉರಿಯುತ್ತಲೇ ಇತ್ತು. ವಾಲ್ವ್ ಹಾಕುವ ಮೊದಲು ಖಾಲಿ ಸಾಕೆಟ್ಟಿಗೇ ದೀಪ ಹತ್ತುತ್ತದೆಯೇ ನೋಡು ಎಂಬುದು ಕಲಿಯಲು ಬಂದವರಿಗೆಲ್ಲ ನಾನೇ ಹೇಳುವ ಮೊದಲ ಪಾಠ. ಅವತ್ತು ನೋಡಿರಲಿಲ್ಲ. ಅನುಮಾನಿಸಲು ಮನುಷ್ಯನೊಬ್ಬ ಸಿಕ್ಕ ಮೇಲೆ ಯಂತ್ರವನ್ನು ಯಾರು ವಿಚಾರಿಸುತ್ತಾರೆ?

ಟೆಸ್ಟರ್ ಬಿಚ್ಚಿದೆ. ಸಾಕೆಟ್ಟಿನ ಕಾಲುಗಳ ನಡುವೆ ಹಳದಿ ಹಕ್ಕಳೆ, ಅದರ ಮೇಲೊಂದು ಕೆಂಪು ಗೆರೆ. ಆಯುಧಪೂಜೆಯ ದಿನ ಅರಿಸಿನ ಕುಂಕುಮವನ್ನು ನೀರಲ್ಲಿ ಕಲಸಿ ಎಲ್ಲಾ ಉಪಕರಣಗಳಿಗೂ ಹಚ್ಚಿದ್ದವನು ನಾನೇ. ಇದು ನನಗೆ ಹೆಚ್ಚು ಅನ್ನ ಕೊಟ್ಟ ಯಂತ್ರ ಎಂದು ಇದಕ್ಕೊಂದಿಷ್ಟು ಧಾರಾಳವಾಗಿಯೇ ಬಳಿದಿದ್ದೆ. ಅದು ಒಳಗಿಳಿದಿದೆ. ಆ ವಾರವೆಲ್ಲ ಸುರಿದ ಜಡಿಮಳೆಯ ತೇವಕ್ಕೆ ಕರೆಂಟು ಅದರ ಮೇಲೆಯೇ ದಾಟುತ್ತಿತ್ತು. ಸ್ಪಿರಿಟ್ಟು, ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ಅರ್ಧ ಗಂಟೆ ಉಜ್ಜಿದೆ. ದೀಪ ಆರಿತು.

ಮರುದಿನ ಬೆಳಿಗ್ಗೆಯೇ ಮಾದನಾಯಕನಹಳ್ಳಿಗೆ ಹೋದೆ. ಅವನು ಅಂಗಡಿಯ ಮುಂದೆ ಹಳೇ ತಂತಿ ಸುತ್ತುತ್ತಾ ಕೂತಿದ್ದ.

"ಆ ಡಬ್ಬ ಎಲ್ಲಪ್ಪಾ?"

"ಎಲ್ಲಾ ಒಡೆದಾಕ್ದೆ ಸಾರ್."

"ಯಾಕೋ?"

"ಕೆಟ್ಟೋಗವೆ ಅಂತ ನೀವೇ ಅಂದ್ರಲ್ಲ. ಬ್ಯಾರೆ ಯಾರ್ಗಾನ ಕೊಟ್ರೆ ಮೋಸ ಆಯ್ತದೆ. ಆ ಕಡೆ ಹೋಗ್ಬ್ಯಾಡಿ, ಗಾಜೈತೆ, ಕಾಲು ಜ್ವಾಪಾನ."

ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅವನು ಕೇಳಿದ್ದು ಒಂದೇ ಮಾತು: "ಅಂಗಾದ್ರೆ ಎಲ್ಲಾ ಚೆನ್ನಾಗಿದ್ವಾ?"

"ಇದ್ದಿರಬೇಕು" ಎಂದೆ. ಅವನು ತಂತಿ ಸುತ್ತುವುದನ್ನು ಮುಂದುವರಿಸಿದ.

ರೇಡಿಯೋ ಸಾಮಾನಿನ ಅಂಗಡಿ ಆಗಲಿಲ್ಲ. ಈಗಲೂ ಅಪರೂಪಕ್ಕೆ ಒಂದೆರಡು ವಾಲ್ವ್ ತರುತ್ತಾನೆ. ಆದರೆ ಕೈಗೆ ಕೊಡುವ ಮೊದಲು ನನ್ನ ಮುಖವನ್ನೇ ನೋಡುತ್ತಾ, "ಖಾಲಿ ಸಾಕೆಟ್ ಒಂದ್ಸಲ ತೋರ್ಸಿ ಸಾರ್" ಅನ್ನುತ್ತಾನೆ. ತೋರಿಸುತ್ತೇನೆ.